ಗೋಡೆಯ ಮೂರು ರಂಧ್ರಗಳು

ಈ ಹೊತ್ತು ನಾವು ವಿವರಿಸಬೇಕೆಂದಿರುವ ವಸ್ತುವನ್ನು ಹುಡುಕಿಕೊಂಡು ಶ್ರೋತೃಗಳು ದೂರ ಹೋಗಬೇಕಾದುದಿಲ್ಲ. ಅವರು ಕುಳಿತಿರುವ ಕೋಣೆಯ ಗೋಡೆಯಲ್ಲಿಯೇ ಅದು ಇದೆ. ಕೆಳಗೆ ಎರಡು ಸಣ್ಣ ರಂಧ್ರಗಳು, ಮೇಲೆ ಒಂದು ದೊಡ್ಡ ರಂಧ್ರ. ಇದೇ ನಮ್ಮ ವಿದ್ಯುತ್ ಸಾಕೆಟ್ಟು.

ನಮ್ಮ ಸ್ನೇಹಿತರೊಬ್ಬರು ಅಮೆರಿಕದಿಂದ ಬರುವಾಗ ಕೂದಲನ್ನು ಒಣಗಿಸುವ ಯಂತ್ರವೊಂದನ್ನು ತಂದರು. ಅದರ ಚಪ್ಪಟೆಯಾದ ಕಡ್ಡಿಗಳು ಇಲ್ಲಿಯ ಗುಂಡು ರಂಧ್ರಗಳಿಗೆ ಹೊಂದಲಿಲ್ಲ. ಅಂಗಡಿಯಿಂದ ಅಡಾಪ್ಟರೊಂದನ್ನು ತಂದು ಜೋಡಿಸಿದರು. ಯಂತ್ರವು ಒಂದು ನಿಮಿಷ ಆರ್ಭಟಿಸಿ ಹೊಗೆಯಾಡಿತು. ಅಡಾಪ್ಟರು ಕಡ್ಡಿಯ ಆಕಾರವನ್ನು ಬದಲಾಯಿಸೀತೇ ಹೊರತು ವಿದ್ಯುತ್ತಿನ ಒತ್ತಡವನ್ನು ಬದಲಾಯಿಸಲಾರದು. ಅಲ್ಲಿಯ ಒತ್ತಡ 120 ವೋಲ್ಟು, ನಮ್ಮದು 230. ಒತ್ತಡವು ಹೆಚ್ಚುಕಡಮೆ ಎರಡರಷ್ಟಾದರೆ ಅದೇ ತಂತಿಸುರುಳಿಯಲ್ಲಿ ಹುಟ್ಟುವ ಶಾಖವು ಎರಡರಷ್ಟಲ್ಲ, ಮೂರೂವರೆ ಪಾಲಿಗೂ ಮೀರುತ್ತದೆ. 100ರಿಂದ 240 ವೋಲ್ಟು ಎಂದು ಬರೆದಿರುವ ಫೋನಿನ ಚಾರ್ಜರಿಗಾದರೆ ಈ ಭಯವಿಲ್ಲ.

ದೇಶಕ್ಕೊಂದು ಬಗೆಯ ರಂಧ್ರವೇತಕ್ಕೆ? ವಿದ್ಯುತ್ತು ಮನೆಗಳಿಗೆ ಮೊದಲು ಬಂದುದು ದೀಪಕ್ಕಾಗಿ. ಬೇರೆ ಉಪಕರಣ ಬೇಕಾದವರು ದೀಪದ ಹೋಲ್ಡರಿಗೇ ಅದನ್ನು ತಿರುಗಿಸಿ ಸೇರಿಸುತ್ತಿದ್ದರು. ಸುಲಭವಾಗಿ ಕಳಚಬಹುದಾದ ಪ್ಲಗ್ಗಿಗೆ ಅಮೆರಿಕದ ಹಾರ್ವೆ ಹಬೆಲ್ ಎಂಬಾತನು 1904ರಲ್ಲಿ ಪೇಟೆಂಟು ಪಡೆದನು. ಇತರ ದೇಶದವರು ತಮತಮಗೆ ತೋರಿದಂತೆ ಮಾಡಿಕೊಂಡರು. ಇಟಲಿಯಲ್ಲಿ ದೀಪದ ವಿದ್ಯುತ್ತಿಗೆ ಒಂದು ದರ, ಇತರ ಉಪಯೋಗಕ್ಕೆ ಇನ್ನೊಂದು ದರವಿದ್ದುದರಿಂದ ಎರಡು ಗಾತ್ರದ ಪ್ಲಗ್ಗುಗಳೇ ಹುಟ್ಟಿದುವು! ಜಪಾನಿನಲ್ಲಿ ಟೋಕಿಯೋ ಜರ್ಮನಿಯಿಂದಲೂ ಓಸಾಕಾ ಅಮೆರಿಕದಿಂದಲೂ ಯಂತ್ರಗಳನ್ನು ತರಿಸಿದ ಫಲವಾಗಿ, ಇಂದಿಗೂ ಪೂರ್ವಭಾಗದಲ್ಲಿ ಸೆಕೆಂಡಿಗೆ 50 ಆವರ್ತ, ಪಶ್ಚಿಮದಲ್ಲಿ 60. ಎಲ್ಲರಿಗೂ ಒಂದೇ ಮಾದರಿಯಿರಲೆಂದು ಅಂತರರಾಷ್ಟ್ರೀಯ ಸಮಿತಿಯು 1986ರಲ್ಲಿ ಒಂದನ್ನು ಪ್ರಕಟಿಸಿತು. ಬ್ರೆಜಿಲ್, ದಕ್ಷಿಣ ಆಫ್ರಿಕಗಳು ಅದನ್ನು ಸ್ವೀಕರಿಸಿದುವು. ಮಿಕ್ಕವರು ಕೋಟಿಗಟ್ಟಲೆ ಗೋಡೆಗಳನ್ನು ಅಗೆಯಲು ಒಪ್ಪಲಿಲ್ಲ.

ನಮ್ಮ ಗುಂಡು ಕಡ್ಡಿಗಳು ಇಂಗ್ಲೆಂಡಿನ ಹಳೆಯ ಮಾದರಿಯವು. ಎರಡನೆಯ ಮಹಾಯುದ್ಧ ಮುಗಿದಾಗ ತಾಮ್ರವು ದುರ್ಲಭವಾಗಿದ್ದುದರಿಂದ ಆಂಗ್ಲರು ತಂತಿಯನ್ನು ಉಳಿಸುವ ಹೊಸ ಕ್ರಮವನ್ನು ಹಿಡಿದು, 1947ರಲ್ಲಿ ಚಪ್ಪಟೆ ಕಡ್ಡಿಯ, ಒಳಗೇ ಫ್ಯೂಸಿರುವ ಪ್ಲಗ್ಗಿಗೆ ತಿರುಗಿಕೊಂಡರು. ಕೊಟ್ಟವರು ಬಿಟ್ಟರು, ಪಡೆದ ನಾವು ಬಿಡಲಿಲ್ಲ. ಐದು ಮತ್ತು ಹದಿನೈದು ಆಂಪಿಯರಿನವು ಈಗ ಆರು ಮತ್ತು ಹದಿನಾರು ಎನಿಸಿಕೊಂಡಿವೆ, ಅಷ್ಟೆ.

ಈ ಭೇದಗಳೆಲ್ಲ ಪ್ರಯಾಣಿಕನ ತೊಂದರೆಗಳು. ಪ್ರಾಣಕ್ಕೆ ಸಂಬಂಧಪಟ್ಟುದು ಮೇಲಿನ ದೊಡ್ಡ ರಂಧ್ರ. ಕೆಳಗಿನೆರಡರಲ್ಲಿ ಒಂದು ವಿದ್ಯುತ್ತನ್ನು ತರುವ ಫೇಸು, ಇನ್ನೊಂದು ಹಿಂದಕ್ಕೊಯ್ಯುವ ನ್ಯೂಟ್ರಲು. ಉಪಕರಣವು ನಡೆಯಲು ಇವೆರಡೇ ಸಾಕು. ಆದಕಾರಣವೇ ಮೂರನೆಯದನ್ನು ಜನ ಅನಾವಶ್ಯಕವೆಂದು ಎಣಿಸುವುದು. ಅದು ಅರ್ತ್, ಎಂದರೆ ಭೂಮಿಗೆ ಹೋಗುವ ದಾರಿ. ಉಪಕರಣದ ಲೋಹದ ಮೈಗೆ ಸೇರಿರತಕ್ಕದ್ದು. ಒಳಗಿನ ಫೇಸ್ ತಂತಿಯ ಹೊದಿಕೆ ಹರಿದು ಅದು ಮೈಗೆ ತಗುಲಿತೆನ್ನೋಣ. ಅರ್ತ್ ಸರಿಯಾಗಿದ್ದರೆ ಪ್ರವಾಹವು ಆ ದಾರಿಯಲ್ಲಿ ಒಮ್ಮೆಗೇ ನುಗ್ಗುತ್ತದೆ. ಫ್ಯೂಸು ಕರಗಿ ವಿದ್ಯುತ್ತು ನಿಂತುಹೋಗುತ್ತದೆ. ಇಲ್ಲದಿದ್ದರೆ ಉಪಕರಣವು ಎಂದಿನಂತೆ ನಡೆಯುತ್ತಲೇ ಇದ್ದು, ಒದ್ದೆ ಕೈಯಿಂದ ಮುಟ್ಟಿದವರ ದೇಹವೇ ಭೂಮಿಗೆ ದಾರಿಯಾಗುತ್ತದೆ. ಅರ್ತಿನ ಕಡ್ಡಿಯನ್ನು ಉದ್ದವಾಗಿ ಮಾಡಿರುವುದೂ ಇದಕ್ಕಾಗಿಯೇ: ಸೇರಿಸುವಾಗ ಅದು ಮೊದಲು ತಗುಲಬೇಕು, ಕೀಳುವಾಗ ಕೊನೆಗೆ ಬಿಡಬೇಕು.

ನಾವು ಹಳೆಯ ಬಾಡಿಗೆ ಮನೆಯೊಂದರಲ್ಲಿ ಹನ್ನೊಂದು ವರ್ಷ ಇದ್ದೆವು. ಸ್ನಾನದ ಮನೆಯ ಗೀಸರನ್ನು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆಂದು ಮನೆಯವರು ಎರಡು ಮೂರು ಸಲ ಹೇಳಿದರು. ಕಾಲೇಜಿನಲ್ಲಿ ಇದೇ ವಿಷಯವನ್ನು ಬೋಧಿಸುವ ನಾವು ತೇವದ ದೋಷವೆಂದು ಸುಮ್ಮನಾದೆವು. ಕಡೆಗೆ ಕೆಲಸದವನನ್ನು ಕರೆಸಿದೆವು. ಅವನು ಸಾಕೆಟ್ಟಿನ ಫೇಸಿಗೂ ಅರ್ತಿಗೂ ನಡುವೆ ಸಣ್ಣ ದೀಪವೊಂದನ್ನು ಹಿಡಿದನು. ದೀಪವು ಉರಿಯಬೇಕಾಗಿತ್ತು, ಉರಿಯಲಿಲ್ಲ. ಮುಚ್ಚಳವನ್ನು ಬಿಚ್ಚಿ ನೋಡಿದರೆ ದೊಡ್ಡ ರಂಧ್ರದ ಹಿಂದೆ ತಂತಿಯೇ ಇರಲಿಲ್ಲ. ಆ ಸಂಜೆಯೇ ಅರ್ತ್ ತಂತಿಯನ್ನು ಎಳೆಸಿ, 30 ಮಿಲಿಆಂಪಿಯರಿನಷ್ಟು ಸೋರಿದರೂ ವಿದ್ಯುತ್ತನ್ನು ಕಡಿಯುವ ಸ್ವಿಚ್ಚನ್ನು ಹಾಕಿಸಿದೆವು. ಗೀಸರನ್ನು ಹಚ್ಚಿದೊಡನೆ ಆ ಸ್ವಿಚ್ಚು ಕೆಳಕ್ಕೆ ಬಿದ್ದಿತು.