ಹೆಣ್ಣಿನ ಕೈಯಲ್ಲಿ ಹುಟ್ಟು

ಕೃಷ್ಣಾ ನದಿಯ ದಂಡೆಯ ಮೇಲಿರುವ ಜುಗೂಳ ನನ್ನ ಊರು. ಹೊಳೆಯ ಊರಿನವಳೆಂದು ತಿಳಿದೊಡನೆ ವಸತಿಗೃಹದ ಗೆಳತಿಯರು ಕೇಳುವ ಮೊದಲ ಪ್ರಶ್ನೆ, “ಹಾಗಾದರೆ ನಿನಗೆ ಈಸು ಚೆನ್ನಾಗಿ ಬರುತ್ತಿರಬೇಕಲ್ಲವೇ?” ಎಂಬುದು. ಇಲ್ಲ, ಬರುವುದಿಲ್ಲ. ನಮ್ಮಲ್ಲಿ ಗಂಡುಹುಡುಗರು ಏಳೆಂಟು ವರ್ಷದವರಾಗುವಷ್ಟರಲ್ಲಿ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ನೀರಿಗೆ ಬಿದ್ದು ಈಸು ಕಲಿಯುತ್ತಾರೆ. ಹೆಣ್ಣುಮಕ್ಕಳು ಅದೇ ವಯಸ್ಸಿನಲ್ಲಿ, ಅದೇ ನೀರಿನಲ್ಲಿ, ಅರಿವೆ ಒಗೆಯುವುದನ್ನು ಕಲಿಯುತ್ತಾರೆ. ಹೊಳೆಯು ಮೊಣಕಾಲಿನ ವರೆಗೆ ನಮ್ಮದು, ಅಲ್ಲಿಂದಾಚೆಗೆ ಅಣ್ಣತಮ್ಮಂದಿರದು.

2019ರ ಆಗಸ್ಟಿನಲ್ಲಿ ಕೃಷ್ಣೆಗೆ ಬಂದ ಮಹಾಪೂರವನ್ನು ನಮ್ಮ ಭಾಗದವರು ಯಾರೂ ಮರೆತಿಲ್ಲ. ಆಗ ನಾನು ಪ್ರೌಢಶಾಲೆಯಲ್ಲಿದ್ದೆ. ನಮ್ಮ ಓಣಿಯವರನ್ನು ದೋಣಿಯಲ್ಲಿ ಹೊರಗೆ ಸಾಗಿಸಿದಾಗ ಹೆಂಗಸರು, ಕೂಸುಗಳು, ಗಂಟುಮೂಟೆಗಳು ಮತ್ತು ನಮ್ಮ ಎರಡು ಆಡುಗಳು, ಇಷ್ಟನ್ನೂ ನಡುವೆ ಕೂಡ್ರಿಸಿದರು. ನನಗಿಂತ ಒಂದು ವರ್ಷ ಚಿಕ್ಕವನಾದ ತಮ್ಮನ ಕೈಗೆ ಒಂದು ಹುಟ್ಟು ಕೊಟ್ಟರು. ನನ್ನ ಕೈಗೆ ಆಡಿನ ಹಗ್ಗ ಕೊಟ್ಟರು. ಆಪತ್ತಿನ ಹೊತ್ತಿನಲ್ಲಿ ಅದನ್ನು ಕುರಿತು ಜಗಳವಾಡುವ ಹಾಗಿರಲಿಲ್ಲ; ಆದರೆ ಆ ಹಗ್ಗವನ್ನು ನಾನು ಇಂದಿಗೂ ಮರೆತಿಲ್ಲ.

ಇಷ್ಟು ಪೀಠಿಕೆ ಏಕೆಂದರೆ, ನಾನು ಇಲ್ಲಿ ಬರೆಯಹೊರಟಿರುವ ಕ್ರೀಡೆಯು ನಮ್ಮ ಕಾಲೇಜಿನ ಮೈದಾನದಲ್ಲಿ ಆಡುವಂಥದಲ್ಲ. ಇದರ ಹೆಸರನ್ನೇ ಕೇಳದ ವಾಚಕರು ಅನೇಕರಿರಬಹುದು. 2024ರ ಪ್ಯಾರಿಸ್ ಒಲಿಂಪಿಕ್ ಕ್ರೀಡೆಗಳ ಕಾಲಕ್ಕೆ ನಾವು ನಾಲ್ಕೈದು ಜನ ಒಂದೇ ಮೊಬೈಲಿನ ಸುತ್ತ ಕುಳಿತು ಹಾಕಿ ಪಂದ್ಯಕ್ಕಾಗಿ ಕಾಯುತ್ತಿದ್ದೆವು. ಅಷ್ಟರಲ್ಲಿ ಪರದೆಯ ಮೇಲೆ ಒಬ್ಬ ಹೆಣ್ಣುಮಗಳು ಕಾಣಿಸಿಕೊಂಡಳು. ಕಿರಿದಾದ ಒಂದು ದೋಣಿಯೊಳಗೆ ಮಂಡಿಯೂರಿ, ಒಂದೇ ಒಂದು ಹುಟ್ಟು ಹಿಡಿದು, ನೊರೆಗರೆಯುವ ನೀರಿನಲ್ಲಿ ಆಕೆ ಕೆಳಕ್ಕೆ ಧುಮುಕುತ್ತಿದ್ದಳು. ಧುಮುಕಿದವಳು ಥಟ್ಟನೆ ಹೊರಳಿ ನೀರಿಗೆ ಎದುರಾಗಿ ಮೇಲೇರಿದಳು. ತೂಗುಬಿಟ್ಟ ಎರಡು ಕಂಬಗಳ ನಡುವೆ ಮೈ ತೂರಿಸಿ ಮತ್ತೆ ಕೆಳಗಿಳಿದಳು. ಹಾಕಿ ಪಂದ್ಯ ಶುರುವಾದದ್ದು ನನಗೆ ತಿಳಿಯಲೇ ಇಲ್ಲ. ಆಕೆ ಆಸ್ಟ್ರೇಲಿಯದ ಜೆಸಿಕಾ ಫಾಕ್ಸ್. ಆ ಆಟದ ಹೆಸರು ಕೆನೂ ಸ್ಲಾಲಮ್.

ಸ್ಲಾಲಮ್ ಎಂಬುದು ನಾರ್ವೆಯವರ ಶಬ್ದ. ಹಿಮದ ಇಳಿಜಾರಿನಲ್ಲಿ ನೆಟ್ಟ ಕೋಲುಗಳ ನಡುವೆ ಅಂಕುಡೊಂಕಾಗಿ ಜಾರುವ ಆಟಕ್ಕೆ ಅದು ಹೆಸರಾಗಿತ್ತು. 1930ರ ದಶಕದ ಆರಂಭದಲ್ಲಿ ಸ್ವಿಟ್ಜರ್‌ಲೆಂಡಿನವರು ಅದೇ ಆಟವನ್ನು ನೀರಿಗೆ ಇಳಿಸಿದರು. 1949ರಲ್ಲಿ ಜಿನೀವಾದಲ್ಲಿ ಮೊದಲನೆಯ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು.

ಆಟದ ನಿಯಮಗಳು ಕೇಳಲು ಸರಳ. ರಭಸದ ನೀರಿನ ಮೇಲೆ ತಂತಿಗಳಿಂದ ಜೋಡಿ ಕಂಬಗಳನ್ನು ಇಳಿಬಿಟ್ಟಿರುತ್ತಾರೆ. ಒಂದೊಂದು ಜೋಡಿಯೂ ಒಂದು ಬಾಗಿಲು. ಇಂಥ ಬಾಗಿಲುಗಳು ಹದಿನೆಂಟರಿಂದ ಇಪ್ಪತ್ತೈದರ ವರೆಗೆ ಇರುತ್ತವೆ. ಹಸಿರು ಬಣ್ಣದ ಬಾಗಿಲನ್ನು ನೀರು ಹರಿಯುವ ದಿಕ್ಕಿನಲ್ಲಿ ದಾಟಬೇಕು; ಕೆಂಪು ಬಣ್ಣದ್ದನ್ನು ನೀರಿಗೆ ಎದುರಾಗಿ ಏರಿ ದಾಟಬೇಕು. ಕೆಂಪು ಬಾಗಿಲುಗಳು ಆರಾದರೂ ಇರುವ ವಾಡಿಕೆ. ಕಂಬಕ್ಕೆ ದೋಣಿಯಾಗಲಿ, ಹುಟ್ಟಾಗಲಿ, ಭುಜವಾಗಲಿ ತಾಕಿದರೆ ಎರಡು ಸೆಕೆಂಡಿನ ದಂಡ. ಬಾಗಿಲನ್ನೇ ತಪ್ಪಿಸಿದರೆ ಐವತ್ತು ಸೆಕೆಂಡಿನ ದಂಡ. ಇಡೀ ಓಟವೇ ನೂರು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುವಾಗ ಐವತ್ತು ಸೆಕೆಂಡೆಂದರೆ ಮನೆಗೆ ನಡೆ ಎಂದಂತೆಯೇ. ಬಾಗಿಲುಗಳನ್ನು ಕಟ್ಟಿದ ಮೇಲೆ ಆ ಜಾಡಿನಲ್ಲಿ ಅಭ್ಯಾಸ ಮಾಡಲು ಬಿಡುವುದಿಲ್ಲ. ಸ್ಪರ್ಧಿಗಳು ದಂಡೆಯ ಮೇಲೆ ಅಡ್ಡಾಡಿ, ಕಣ್ಣುಮುಚ್ಚಿ ಕೈಯಾಡಿಸುತ್ತ, ಜಾಡನ್ನು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯ ಮುಂಜಾವಿನಲ್ಲಿ ನಮ್ಮ ವಸತಿಗೃಹದ ಅಂಗಳ ಹೇಗಿರುತ್ತದೆಯೋ ಹಾಗೆ!

ದೋಣಿಗಳಲ್ಲಿ ಎರಡು ಬಗೆ. ಕಯಾಕ್ ಎಂಬುದರಲ್ಲಿ ಕಾಲು ಚಾಚಿ ಕುಳಿತು, ಎರಡೂ ತುದಿಗೆ ಅಲಗುಳ್ಳ ಹುಟ್ಟಿನಿಂದ ಎಡಕ್ಕೂ ಬಲಕ್ಕೂ ನೀರು ಎಳೆಯುತ್ತಾರೆ. ಕೆನೂ ಎಂಬುದರಲ್ಲಿ ಮಂಡಿಯೂರಿ, ಒಂದೇ ಅಲಗಿನ ಹುಟ್ಟು ಹಿಡಿಯಬೇಕು. ಎರಡೂ ಸುಮಾರು ಮೂರೂವರೆ ಮೀಟರು ಉದ್ದ, ಎಂಟೊಂಬತ್ತು ಕಿಲೋ ತೂಕ. ನೀರು ಒಳನುಗ್ಗದಂತೆ ಸೊಂಟದ ಸುತ್ತ ಒಂದು ಹೊದಿಕೆ ಬಿಗಿದಿರುವುದರಿಂದ ಸವಾರಳೂ ದೋಣಿಯೂ ಒಂದೇ ಒಡಲಿನಂತೆ ಕಾಣುತ್ತಾರೆ. ದೋಣಿ ಮಗುಚಿದರೆ ಹುಟ್ಟಿನ ಒಂದು ಬೀಸು, ಸೊಂಟದ ಒಂದು ತಿರುವು, ಮತ್ತೆ ನೆಟ್ಟಗೆ!

ನನ್ನನ್ನು ಬಹಳ ಕಾಡಿದ ಪ್ರಶ್ನೆ ಬೇರೆ. ಅಷ್ಟು ರಭಸದ ನೀರಿಗೆ ಎದುರಾಗಿ ಒಬ್ಬ ಹೆಣ್ಣುಮಗಳು ಹೇಗೆ ಏರುತ್ತಾಳೆ? ತೋಳ್ಬಲದಿಂದಲೇ ಎಂದು ಮೊದಲು ನಂಬಿದ್ದೆ. ಉತ್ತರ ಸಿಕ್ಕಿದ್ದು ದೀಪಾವಳಿಯ ರಜೆಯಲ್ಲಿ, ನಮ್ಮ ಊರಿನ ವಯಸ್ಸಾದ ಅಂಬಿಗ ಕಾಕಾನಿಂದ. ನಾನು ಚಿಕ್ಕವಳಿದ್ದಾಗ ಹೊಳೆಯಾಚೆಯ ಖಿದ್ರಾಪುರದ ಕೋಪೇಶ್ವರನ ದರ್ಶನಕ್ಕೆ ಇವರ ದೋಣಿಯಲ್ಲಿಯೇ ಹೋಗುತ್ತಿದ್ದೆವು. ಆಚೆಯ ದಂಡೆ ಮಹಾರಾಷ್ಟ್ರ; ನಮಗೆ ಅದು ನೆರೆಯ ಊರು ಅಷ್ಟೆ. ದೋಣಿಯನ್ನು ಅವರು ಎಂದೂ ನೇರವಾಗಿ ಆಚೆಗೆ ಹೊಡೆಯುತ್ತಿರಲಿಲ್ಲ. ಮೊದಲು ದಂಡೆಗೆ ಅಂಟಿಕೊಂಡು ಒಂದಿಷ್ಟು ದೂರ ಮೇಲಕ್ಕೆ ಹೋಗಿ, ಆಮೇಲೆ ಮೂತಿಯನ್ನು ಓರೆಯಾಗಿ ನೀರಿಗೆ ಕೊಟ್ಟು ಅಡ್ಡ ಹಾಯಿಸುತ್ತಿದ್ದರು. ಹೊಳೆಯೇ ನಮ್ಮನ್ನು ಆಚೆಗೆ ನೂಕುತ್ತಿತ್ತು. ಏಕೆ ಹಾಗೆ ಎಂದು ಆಗ ನಾನು ಕೇಳಿರಲಿಲ್ಲ. ಈ ಸಲ ಕೇಳಿದೆ.

“ನೋಡವ್ವಾ, ಹೊಳಿ ಜೋಡಿ ಗುದ್ದ್ಯಾಡಬಾರದು,” ಎಂದರು ಕಾಕಾ. “ನಡುವಿನ ನೀರಿಗೆ ಸೆಳವು ಭಾಳ. ದಂಡಿ ಮಗ್ಗಲಕ, ಕಲ್ಲಿನ ಹಿಂದ, ನೀರು ಸುಮ್ಮನಿರತೈತಿ. ಒಮ್ಮೊಮ್ಮೆ ತಿರುಗಿ ಮ್ಯಾಲಕ್ಕೂ ಹೋಗತೈತಿ. ಅದರ ಬೆನ್ನು ಹತ್ತಬೇಕು.”

ಸ್ಲಾಲಮಿನ ಮರ್ಮವೆಲ್ಲ ಈ ಮಾತಿನಲ್ಲಿದೆ. ರಭಸದ ನೀರು ಬಂಡೆಗೆ ಬಡಿದು ಸೀಳಿದಾಗ ಬಂಡೆಯ ಹಿಂದೆ ತೆರವಾದ ಜಾಗವನ್ನು ತುಂಬಲು ಕೆಳಗಿನ ನೀರು ಹಿಂದಕ್ಕೆ ಹರಿಯುತ್ತದೆ. ಕೆಂಪು ಬಾಗಿಲುಗಳನ್ನು ಹೆಚ್ಚಾಗಿ ಇಂಥ ಮರಳುನೀರಿನಲ್ಲಿಯೇ ತೂಗುಹಾಕುತ್ತಾರೆ. ಇಳಿಯುತ್ತಿರುವ ದೋಣಿಯ ಮೂತಿ ಮರಳುನೀರಿಗೆ ತಾಕಿದೊಡನೆ ಮೂತಿ ಮೇಲಕ್ಕೂ ಬಾಲ ಕೆಳಕ್ಕೂ ಎಳೆಯಲ್ಪಟ್ಟು ದೋಣಿ ತಾನಾಗಿಯೇ ಗಿರ್ರನೆ ತಿರುಗುತ್ತದೆ. ಸವಾರಳು ತಿರುವಿನ ಒಳಮಗ್ಗುಲಿಗೆ ಮೈ ವಾಲಿಸಿ, ಹುಟ್ಟನ್ನು ಗೂಟದಂತೆ ನೀರಿನಲ್ಲಿ ಊರುತ್ತಾಳೆ. ಆ ಕ್ಷಣ ತಪ್ಪಿದರೆ ಕಂಬ ತಾಕುತ್ತದೆ, ಇಲ್ಲವೇ ದೋಣಿ ಮಗುಚುತ್ತದೆ. ತೋಳಿನ ಶಕ್ತಿ ಬೇಡವೆಂದಲ್ಲ. ಆದರೆ ನೀರನ್ನು ಓದಲು ಬಾರದವನಿಗೆ ಎಷ್ಟು ಶಕ್ತಿಯಿದ್ದರೂ ವ್ಯರ್ಥ.

ಹೀಗಿರುವಲ್ಲಿ ಸ್ತ್ರೀಯರನ್ನು ಈ ಆಟದಲ್ಲಿ ಅರ್ಧ ಬಾಗಿಲಿನಲ್ಲಿಯೇ ನಿಲ್ಲಿಸಿದ್ದೇಕೆ ಎಂಬುದು ವಿಚಾರ ಮಾಡತಕ್ಕ ಸಂಗತಿ. ಸ್ಲಾಲಮ್ ಒಲಿಂಪಿಕ್ಕಿಗೆ ಮೊದಲು ಬಂದದ್ದು 1972ರ ಮ್ಯೂನಿಕ್ ಕ್ರೀಡೆಗಳಲ್ಲಿ. ಅದಕ್ಕಾಗಿ ಔಗ್ಸ್‌ಬರ್ಗ್ ನಗರದಲ್ಲಿ, ಲೆಖ್ ನದಿಯ ನೀರು ತಿರುಗಿಸಿದ ಹಳೆಯ ಕಾಲುವೆಯೊಂದನ್ನು ಕಾಂಕ್ರೀಟಿನ ಕೃತಕ ಹೊಳೆಯನ್ನಾಗಿ ಮಾಡಿದರು. ಪೂರ್ವ ಜರ್ಮನಿಯವರು ಅದರ ನಕಲನ್ನೇ ತಮ್ಮ ಸ್ವಿಕೌದಲ್ಲಿ ಗುಟ್ಟಾಗಿ ಕಟ್ಟಿಕೊಂಡು ಅಭ್ಯಾಸ ಮಾಡಿ ನಾಲ್ಕಕ್ಕೆ ನಾಲ್ಕು ಚಿನ್ನವನ್ನೂ ಒಯ್ದರು. ಆ ನಾಲ್ಕು ಸ್ಪರ್ಧೆಗಳಲ್ಲಿ ಗಂಡಸರಿಗೆ ಮೂರು, ಹೆಂಗಸರಿಗೆ ಒಂದು. ಆ ಒಂದು ಕಯಾಕ್. ಗೆದ್ದವಳು ಆಂಗೆಲಿಕಾ ಬಾಮನ್. ಅನಂತರ ಇಪ್ಪತ್ತು ವರ್ಷ ಈ ಆಟವೇ ಒಲಿಂಪಿಕ್ಕಿನಲ್ಲಿ ಇರಲಿಲ್ಲ. 1992ರಲ್ಲಿ ಬಾರ್ಸಿಲೋನಾದ ಕ್ರೀಡೆಗಳಲ್ಲಿ ಮರಳಿ ಬಂದಾಗಲೂ ಲೆಕ್ಕ ಅದೇ, ಮೂರಕ್ಕೆ ಒಂದು. 2016ರ ರಿಯೋ ವರೆಗೂ ಅದು ಬದಲಾಗಲಿಲ್ಲ.

ಮಂಡಿಯೂರಿ ಒಂದೇ ಮಗ್ಗುಲಿಗೆ ಹುಟ್ಟು ಹಾಕುವುದು ಹೆಣ್ಣಿನ ದೇಹಕ್ಕೆ ಒಗ್ಗದು ಎಂಬ ಮಾತು ಬಹುಕಾಲ ಚಲಾವಣೆಯಲ್ಲಿತ್ತು. ಸ್ಪರ್ಧಿಸುವ ಸ್ತ್ರೀಯರ ಸಂಖ್ಯೆ ಸಾಲದು ಎಂಬುದು ಇನ್ನೊಂದು ವಾದ. ಬಾಗಿಲು ಮುಚ್ಚಿಟ್ಟು, ಒಳಗೆ ಯಾರೂ ಬಂದಿಲ್ಲವೆನ್ನುವುದು ಯಾವ ತರ್ಕಶಾಸ್ತ್ರವೋ ನನಗೆ ತಿಳಿಯದು. ನಮ್ಮ ತರ್ಕದ ಅಧ್ಯಾಪಕರು ಇದಕ್ಕೊಂದು ಹೆಸರು ಹೇಳಿಯಾರು. ಮಂಡಿಯೂರಿ ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಕಳೆ ತೆಗೆಯುವ ನಮ್ಮ ಅವ್ವಂದಿರ ದೇಹದ ಕುರಿತು ಇಂಥ ಚಿಂತೆಯನ್ನು ಯಾರೂ ಮಾಡಿದಂತಿಲ್ಲ.

ಕಯಾಕಿನಲ್ಲಿ ಆದರೂ ಸ್ತ್ರೀಯರು ತೋರಿದ್ದು ಕಡಿಮೆಯೇನಲ್ಲ. ಚೆಕ್ ದೇಶದ ಸ್ಟೆಪಾಂಕಾ ಹಿಲ್ಗೆರ್ಟೋವಾ 1996 ಮತ್ತು 2000ದಲ್ಲಿ ಎರಡು ಸಲ ಚಿನ್ನ ಗೆದ್ದಾಗ ಒಬ್ಬ ಮಗನ ತಾಯಿಯಾಗಿದ್ದಳು. 1992ರಿಂದ 2012ರ ವರೆಗೆ ಆರು ಒಲಿಂಪಿಕ್ಕುಗಳಲ್ಲಿ ಆಕೆ ಸ್ಪರ್ಧಿಸಿದಳು. ಆರನೆಯದಕ್ಕೆ ಆಕೆಯ ವಯಸ್ಸು 44. ಸ್ಲೊವಾಕಿಯದ ಎಲೆನಾ ಕಾಲಿಸ್ಕಾ 2004 ಮತ್ತು 2008ರಲ್ಲಿ ಗೆದ್ದಳು. ಸ್ಪೇನಿನ ಮಾಯಾಲೆನ್ ಚೊರಾಟ್ 2012ರಲ್ಲಿ ಕಂಚು ಪಡೆದು, 2013ರಲ್ಲಿ ಮಗಳನ್ನು ಹೆತ್ತು, 2016ರಲ್ಲಿ ಚಿನ್ನ ಗೆದ್ದಳು. ಮತ್ತೆ ಟೋಕಿಯೋದಲ್ಲಿ, 38ರ ವಯಸ್ಸಿನಲ್ಲಿ, ಬೆಳ್ಳಿ.

ಕೆನೂ ಎಂಬ ಮಂಡಿಯೂರುವ ದೋಣಿಯು ಸ್ತ್ರೀಯರಿಗೆ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ದೊರೆತದ್ದು 2010ರ ಸುಮಾರಿಗೆ, ಒಲಿಂಪಿಕ್ಕಿನಲ್ಲಿ 2021ರಲ್ಲಿ. ಜಾಗ ಮಾಡುವುದಕ್ಕಾಗಿ ಗಂಡಸರ ಜೋಡಿ ಕೆನೂ ಸ್ಪರ್ಧೆಯನ್ನು ತೆಗೆದುಹಾಕಿದರು. ಆ ಸ್ಪರ್ಧೆಯಲ್ಲಿ ಸ್ಲೊವಾಕಿಯದ ಹಾಖ್‌ಶಾರ್ನರ್ ಸೋದರರು 2000ದಿಂದ ಮೂರು ಸಲ ಸಾಲಾಗಿ ಚಿನ್ನ ಗೆದ್ದಿದ್ದರು. ಇಬ್ಬರು ಒಂದೇ ಮನಸ್ಸಿನಿಂದ ನಡೆಸುವ ಅಂಥ ಸುಂದರ ಆಟ ಹೋದದ್ದಕ್ಕೆ ನನಗೆ ವ್ಯಥೆಯಿದೆ, ಎರಡನ್ನೂ ಇಟ್ಟುಕೊಳ್ಳಬಹುದಿತ್ತು.

ಟೋಕಿಯೋದ ಆ ವಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಜೆಸಿಕಾ ಫಾಕ್ಸ್ ಹುಟ್ಟಿದ್ದು 1994ರಲ್ಲಿ, ಫ್ರಾನ್ಸಿನ ಮಾರ್ಸೇಲ್ ಪಟ್ಟಣದಲ್ಲಿ. ತಂದೆ ರಿಚರ್ಡ್ ಫಾಕ್ಸ್ ಬ್ರಿಟನ್ನಿನ ವಿಶ್ವ ಚಾಂಪಿಯನ್. ತಾಯಿ ಮಿರಿಯಮ್ 1996ರಲ್ಲಿ ಫ್ರಾನ್ಸಿಗೆ ಕಂಚು ತಂದವಳು, ಮುಂದೆ ಮಗಳಿಗೆ ಗುರುವಾದವಳು. ಅಂಥ ಮನೆಯ ಮಗಳು ಗೆದ್ದರೆ ಆಶ್ಚರ್ಯವೇನೆಂದು ನೀವು ಕೇಳಬಹುದು. ಆದರೆ ಕಯಾಕಿನ ಚಿನ್ನ ಆಕೆಗೆ ಸುಲಭವಾಗಿ ದಕ್ಕಲಿಲ್ಲ. 2012ರಲ್ಲಿ ಬೆಳ್ಳಿ, 2016ರಲ್ಲಿ ಕಂಚು. 2021ರ ಜುಲೈ 27ರಂದು ಟೋಕಿಯೋದ ಅಂತಿಮ ಓಟದಲ್ಲಿ ಆಕೆ ಎಲ್ಲರಿಗಿಂತ ವೇಗವಾಗಿ ಇಳಿದಳು. ಎರಡು ಕಂಬ ತಾಕಿದವು. ನಾಲ್ಕು ಸೆಕೆಂಡು ದಂಡ. ದಂಡ ಸೇರಿ 106.73 ಸೆಕೆಂಡು. ಒಂದೂ ಕಂಬ ತಾಗಿಸದ ಜರ್ಮನಿಯ ರಿಕಾರ್ಡಾ ಫುಂಕ್ 105.50ಕ್ಕೆ ಚಿನ್ನ ಪಡೆದಳು, ಚೊರಾಟ್ 106.63ಕ್ಕೆ ಬೆಳ್ಳಿ. ಜೆಸಿಕಾಳಿಗೆ ಮತ್ತೆ ಕಂಚು. ಎರಡು ದಿನಗಳ ತರುವಾಯ ಹೆಂಗಸರ ಮೊತ್ತಮೊದಲ ಒಲಿಂಪಿಕ್ ಕೆನೂ ಓಟ. ಈ ಸಲ ಒಂದು ಕಂಬವೂ ಅಲುಗಲಿಲ್ಲ. 105.04 ಸೆಕೆಂಡು! ಎರಡನೆಯವಳಾದ ಬ್ರಿಟನ್ನಿನ ಮ್ಯಾಲರಿ ಫ್ರಾಂಕ್ಲಿನ್ನಳಿಗಿಂತ ಮೂರೂವರೆ ಸೆಕೆಂಡಿಗೂ ಮುಂದೆ. ಕಯಾಕಿನಲ್ಲಿ ಎರಡು ಹುಟ್ಟಿನಲಗಿನಿಂದ ಗೆದ್ದವಳ 105.50ರ ಪಕ್ಕದಲ್ಲಿ ಈ ಅಂಕಿಯನ್ನು ಇಟ್ಟು ನೋಡಿರಿ. ಹೆಣ್ಣಿನ ದೇಹಕ್ಕೆ ಒಗ್ಗದು ಎಂದಿದ್ದ ದೋಣಿ ಇದೇ.

ಪ್ಯಾರಿಸಿನಲ್ಲಿ ಆಕೆ ಕಯಾಕ್, ಕೆನೂ ಎರಡನ್ನೂ ಗೆದ್ದಳು. ಅಲ್ಲಿ ಹೊಸದಾಗಿ ಸೇರಿದ ಕಯಾಕ್ ಕ್ರಾಸ್ ಎಂಬ ಸ್ಪರ್ಧೆಯಲ್ಲಿ ನಾಲ್ವರು ಎತ್ತರದ ಅಟ್ಟದಿಂದ ಒಟ್ಟಿಗೆ ನೀರಿಗೆ ಬಿದ್ದು, ಒಬ್ಬರನ್ನೊಬ್ಬರು ನೂಕುತ್ತ ಸಾಗಬೇಕು. ನಡುವೆ ಒಮ್ಮೆ ಬೇಕೆಂದೇ ಮಗುಚಿ ಏಳಬೇಕು. ನಮ್ಮ ಸಂತೆಯ ದಿನದ ಬಸ್ಸಿಗೆ ಹತ್ತುವುದನ್ನು ಬಲ್ಲವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಅದರಲ್ಲಿ ಜೆಸಿಕಾ ಬೇಗನೆ ಹೊರಬಿದ್ದಳು. ಗೆದ್ದವಳು ತಂಗಿ ನೊಯೆಮಿ. ತಂಗಿ ಗುರಿ ಮುಟ್ಟಿದೊಡನೆ ಅಕ್ಕ ದಂಡೆಯಿಂದ ನೀರಿಗೆ ಹಾರಿಯೇಬಿಟ್ಟಳು. ಗಂಡಸರಿಗೆ ಮೂರು, ಹೆಂಗಸರಿಗೂ ಮೂರು ಸ್ಪರ್ಧೆಗಳು ನಡೆದ ಮೊದಲ ಒಲಿಂಪಿಕ್ ಅದು.

ಇನ್ನು ನಮ್ಮ ದೇಶದ ಮಾತು. 2024ರ ವರೆಗೆ ಭಾರತದ ಯಾವ ಹೆಣ್ಣುಮಗಳೂ ಒಲಿಂಪಿಕ್ ಸ್ಲಾಲಮಿನಲ್ಲಿ ಸ್ಪರ್ಧಿಸಿಲ್ಲ. ಮಧ್ಯಪ್ರದೇಶದ ಪ್ರಾಚಿ ಯಾದವ್ ಟೋಕಿಯೋದ ಪ್ಯಾರಾಲಿಂಪಿಕ್ಕಿನಲ್ಲಿ ಕೆನೂ ಸ್ಪರ್ಧೆಗೆ ಇಳಿದ ಮೊದಲ ಭಾರತೀಯಳಾಗಿ ಅಂತಿಮ ಸುತ್ತು ಮುಟ್ಟಿದಳು. ಆದರೆ ಅದು ನಿಂತ ನೀರಿನ ಓಟ. ಸ್ಲಾಲಮಿಗೆ ಮಧ್ಯಪ್ರದೇಶದವರು ಮಹೇಶ್ವರದ ಬಳಿ ನರ್ಮದೆ ಬಂಡೆಗಳ ನಡುವೆ ಸೀಳಿ ಹರಿಯುವ ಸಹಸ್ರಧಾರೆಯನ್ನು ಬಳಸಿಕೊಂಡಿದ್ದಾರೆ. ನೀರಿನ ರಭಸಕ್ಕೆ ನಮ್ಮಲ್ಲಿಯೂ ಕೊರತೆಯಿಲ್ಲ. ನೆರೆಯ ಉತ್ತರ ಕನ್ನಡದ ಗಣೇಶಗುಡಿಯಲ್ಲಿ, ಸೂಪಾ ಆಣೆಕಟ್ಟಿನ ವಿದ್ಯುದಾಗಾರದಿಂದ ಬಿಟ್ಟ ನೀರಿನಲ್ಲಿ ಪ್ರವಾಸಿಗರು ರಬ್ಬರಿನ ತೆಪ್ಪದಲ್ಲಿ ಕಾಳೀನದಿ ಇಳಿಯುತ್ತಾರೆ. ಬೇರೆ ದೇಶಗಳವರು ಭಾರಿ ಪಂಪುಗಳಿಂದ ನೀರೆತ್ತಿ ಇಂಥ ಹೊನಲನ್ನು ಕಟ್ಟಿಕೊಳ್ಳುತ್ತಾರೆ. ನಮ್ಮ ಕೃಷ್ಣೆ ಜುಗೂಳದ ಬಳಿ ಅಗಲವಾಗಿ, ಸಾವಕಾಶವಾಗಿ ಹರಿಯುವವಳು, ಸ್ಲಾಲಮಿಗೆ ಒದಗುವವಳಲ್ಲ. ಮಹಾಪೂರದಲ್ಲಿ ಮಾತ್ರ ಆಕೆಯ ಸ್ವಭಾವವೇ ಬೇರೆ, ಆಗ ಆಟದ ಮಾತಿಲ್ಲ.

ಆ ದೀಪಾವಳಿಯ ರಜೆಯಲ್ಲಿ ಜೆಸಿಕಾಳ ಓಟವನ್ನು ಮೊಬೈಲಿನಲ್ಲಿ ಕಾಕಾನಿಗೆ ತೋರಿಸಿದೆ. ಕನ್ನಡಕವಿಲ್ಲದೆ, ಮೊಬೈಲನ್ನು ಅಷ್ಟು ದೂರಕ್ಕೆ ಹಿಡಿದು, ಎರಡು ಸಲ ನೋಡಿದರು. “ಈಕಿಗೆ ನೀರು ಗೊತ್ತೈತಿ,” ಎಂದರು. ಆಮೇಲೆ ನನ್ನ ಕಡೆಗೆ ತಿರುಗಿ, “ನಿನಗ ಈಸಾಕ ಬರತೈತೇನು?” ಎಂದು ಕೇಳಿದರು.

“ಇಲ್ಲ ಕಾಕಾ.”

“ಮದಲ ಅದನ್ನ ಕಲಿ. ಬ್ಯಾಸಿಗ್ಯಾಗ ನೀರು ಇಳದಿರತೈತಿ, ಆವಾಗ ಬಾ. ಡಬ್ಬಿ ನಾ ಕೊಡತೀನಿ.”

ಬೇಸಿಗೆಯ ರಜೆಗೆ ಇನ್ನೆರಡು ತಿಂಗಳಿದೆ. ನಮ್ಮ ಮನೆಯಲ್ಲಿ ಕಾಲೇಜು ಕಂಡವಳು ನಾನೊಬ್ಬಳೇ. ಅವ್ವನಿಗೆ ಓದಲು ಬಾರದು. ಈ ಸಂಚಿಕೆ ಅಚ್ಚಾಗಿ ಬಂದ ಮೇಲೆ ಈ ಲೇಖನವನ್ನು ನಾನೇ ಅವಳಿಗೆ ಓದಿ ಹೇಳಬೇಕಾಗುತ್ತದೆ. ಡಬ್ಬಿಯ ಮಾತು ಬಂದಲ್ಲಿ ಓದುವುದೋ ಹಾರಿಸುವುದೋ ಎಂಬುದನ್ನು ಇನ್ನೂ ನಿಶ್ಚಯಿಸಿಲ್ಲ.