ಲಿವರಿನೊಳಗೊಂದು ಬೇರೆ ನೀರಿನ ಓಣಿ

ಹೊಟ್ಟೆಯುಬ್ಬರವೆಂದು ಸ್ಕ್ಯಾನ್ ಮಾಡಿಸಿದವರ ರಿಪೋರ್ಟಿನಲ್ಲಿ ಲಿವರ್‌ನಲ್ಲೊಂದು ಕಪ್ಪು ಮಚ್ಚೆ ಕಂಡಿತೆಂದರೆ ಸಾಕು, ಮುಂಡರಗಿಯಿಂದ ಲಕ್ಷ್ಮೇಶ್ವರದವರೆಗೆ ಬಂಧುಬಳಗದ ಫೋನುಗಳೆಲ್ಲ ಬಡಿದುಕೊಳ್ಳುತ್ತವೆ: "ಲಿವರ್‌ದಾಗ ಗಡ್ಡಿ ಐತಂತ!" ತಾಳಿ, ತಾಳಿ! ಕೊಬ್ಬು ತುಂಬಿದ ಆ ಲಿವರಿನಲ್ಲಿ ಎಲ್ಲಕ್ಕಿಂತ ನೆಟ್ಟಗಿರುವ ಜಾಗ ಆ ಮಚ್ಚೆಯೇ ಇರಬಹುದು!

ಕೊಬ್ಬೇರಿದ ಲಿವರ್ ಅಲ್ಟ್ರಾಸೌಂಡ್‌ನಲ್ಲಿ ಬೆಳ್ಳಗೆ ಹೊಳೆಯುತ್ತದೆ. ಕೊಬ್ಬು ಮುಟ್ಟದ ತುಣುಕು ಅದರ ನಡುವೆ ಕಪ್ಪಗೆ, ಥೇಟ್ ಗಡ್ಡೆಯಂತೆ ಕಾಣುತ್ತದೆ. ಅಲ್ಲಿಗೇ ಯಾಕೆ ಕೊಬ್ಬು ಮುಟ್ಟಲಿಲ್ಲ? ಲಿವರಿಗೆ ಬರುವ ರಕ್ತದ ಸುಮಾರು ಮುಕ್ಕಾಲು ಪಾಲು ಪೋರ್ಟಲ್ ರಕ್ತನಾಳದ್ದು, ಉಂಡದ್ದರ ಸಾರ ಹೊತ್ತು ಕರುಳಿನ ಕಡೆಯಿಂದ ಬರುವಂಥದ್ದು. ಪಿತ್ತಕೋಶಕ್ಕೆ ಅಂಟಿಕೊಂಡ ಜಾಗಕ್ಕೆ ಮಾತ್ರ ಪಿತ್ತಕೋಶದ್ದೇ ಪುಟ್ಟ ರಕ್ತನಾಳಗಳು ಬಂದು ಸೇರುವುದುಂಟು; ಉಂಡದ್ದರ ಸಾರ ಅಲ್ಲಿಗೆ ಅಷ್ಟಾಗಿ ತಲುಪದು, ಕೊಬ್ಬೂ ಕೂಡದು. ಗದಗ-ಬೆಟಗೇರಿಗೆಲ್ಲ ತುಂಗಭದ್ರೆಯ ನಳದ ನೀರು, ಒಂದು ಓಣಿಗಷ್ಟೇ ಅದರದೇ ಬಾವಿಯ ನೀರು ಇದ್ದ ಹಾಗೆ! ಹೊಕ್ಕುಳ ಸುತ್ತಿನಿಂದಲೂ ಇಂಥ ಕಳ್ಳದಾರಿಗಳು ಲಿವರಿಗೆ ಬರುತ್ತವೆ. ಅವನ್ನು 19ನೇ ಶತಮಾನದಲ್ಲೇ ವಿವರಿಸಿಟ್ಟವನು ಫ್ರೆಂಚ್ ಅಂಗರಚನಾ ತಜ್ಞ ಸಾಪೆ. ಸ್ಕ್ಯಾನಿನ ಕನಸೂ ಇಲ್ಲದ ಕಾಲ ಅದು. ಇಂದಿಗೂ ಆ ನಾಳಗಳಿಗೆ ಅವನದೇ ಹೆಸರು.

ಗುರುತು ಹಿಡಿಯುವುದು ಹೇಗೆ? ರಕ್ತನಾಳ ನೋಡಿ! ನಿಜವಾದ ಗಡ್ಡೆ ಬೆಳೆಯುತ್ತ ನಾಳಗಳನ್ನು ಒತ್ತರಿಸುತ್ತದೆ, ಬಗ್ಗಿಸುತ್ತದೆ. ಈ ಮಚ್ಚೆಯೊಳಗೋ, ನಾಳ ಎಲ್ಲಿಯೂ ಡೊಂಕಾಗದೆ ಆಚೆಗೆ ಹಾದುಹೋಗಿರುತ್ತದೆ.

ಎಂಆರ್‌ಐ ಮಾಡುವ ಕೆಲಸವಂತೂ ಗಾರುಡಿ. ಕೊಬ್ಬಿನ ಮತ್ತು ನೀರಿನ ಹೈಡ್ರೋಜನ್ ಒಂದೇ ವೇಗದಲ್ಲಿ ತಿರುಗುವುದಿಲ್ಲ. 1.5 ಟೆಸ್ಲಾ ಯಂತ್ರದಲ್ಲಿ ಸುಮಾರು 2.2 ಮಿಲಿಸೆಕೆಂಡಿಗೆ ಅವು ಒಂದನ್ನೊಂದು ಅಳಿಸುತ್ತವೆ, 4.4ಕ್ಕೆ ಮತ್ತೆ ಕೂಡಿಕೊಳ್ಳುತ್ತವೆ. ಎರಡೂ ಗಳಿಗೆಯ ಚಿತ್ರ ಅಕ್ಕಪಕ್ಕ ಇಟ್ಟರೆ, ಅಳಿಸಿದ ಗಳಿಗೆಯಲ್ಲಿ ಕೊಬ್ಬಿನ ಲಿವರ್ ಮಂಕಾಗುತ್ತದೆ, ಮಚ್ಚೆ ತನ್ನ ಬೆಳಕು ಬಿಟ್ಟುಕೊಡುವುದಿಲ್ಲ. ಅಲ್ಟ್ರಾಸೌಂಡ್‌ನಲ್ಲಿ ಕಪ್ಪಗಿದ್ದದ್ದು ಇಲ್ಲಿ ಬೆಳ್ಳಗೆ!

ಹೆಮಾಂಜಿಯೋಮ ಇನ್ನೊಂದು ವೇಷಗಾರ. ಅದು ರಕ್ತನಾಳಗಳ ನಿರುಪದ್ರವಿ ಗಂಟು. ಸಿ.ಟಿ.ಯಲ್ಲಿ ಬಣ್ಣದ ಔಷಧಿ ಅಂಚಿನಲ್ಲಿ ಚುಕ್ಕೆಚುಕ್ಕೆಯಾಗಿ ಹತ್ತಿ, ನಿಮಿಷಗಳ ಮೇಲೆ ನಿಧಾನಕ್ಕೆ ಒಳಗೆ ತುಂಬುತ್ತದೆ.

ಶಿರಹಟ್ಟಿ, ಮುಂಡರಗಿಯಂಥ ಕುರಿಗಾರರ ನೆಲದಲ್ಲಿ ಮತ್ತೊಂದನ್ನು ಮರೆಯುವಂತಿಲ್ಲ: ಹೈಡ್ಯಾಟಿಡ್ ನೀರುಗುಳ್ಳೆ. ನಾಯಿಯ ಕರುಳಿನ ಲಾಡಿಹುಳುವಿನ ಮೊಟ್ಟೆ ಕುರಿಯ ಹೊಟ್ಟೆಗೂ ಸೇರೀತು, ಮನುಷ್ಯನ ಹೊಟ್ಟೆಗೂ ಸೇರೀತು. ದೊಡ್ಡ ಗುಳ್ಳೆಯೊಳಗೆ ಮರಿಗುಳ್ಳೆಗಳು ಕಂಡರೆ ಗುರುತು ಸಿಕ್ಕಂತೆ. ಇದು ಕ್ಯಾನ್ಸರಲ್ಲ, ಹಾಗಂತ ಸಾಧುವೂ ಅಲ್ಲ. ಗಡ್ಡೆಯೆಂದು ತಿಳಿದು ಸೂಜಿ ಚುಚ್ಚಿ ಒಳಗಿನ ನೀರು ಸೋರಿದರೆ ಜೀವಕ್ಕೇ ಕುತ್ತು ತರುವ ಅಲರ್ಜಿ ಎದ್ದೀತು.

ಹೆಪಟೈಟಿಸ್ ಬಿ, ಸಿರೋಸಿಸ್ ಅಥವಾ ಹಿಂದೆ ಕ್ಯಾನ್ಸರ್ ಇದ್ದವರ ಲಿವರಿನ ಮಚ್ಚೆಗೆ ಇಷ್ಟು ಸಲುಗೆ ಇಲ್ಲ. ಔಷಧಿ ಹಾಕಿದ ಸಿ.ಟಿ. ಇಲ್ಲವೇ ಎಂಆರ್‌ಐ ಆಗಲೇಬೇಕು. ಅದಕ್ಕೆಂದು ಗದಗಿಗೋ ಹುಬ್ಬಳ್ಳಿಗೋ ಹೊರಟರೆ ಟ್ರಂಕಿನ ತಳದ ಹಳೇ ಸ್ಕ್ಯಾನ್ ಫಿಲ್ಮುಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. ಎಷ್ಟೋ ವರ್ಷಗಳ ಹಿಂದಿನ ಫಿಲ್ಮಿನಲ್ಲೂ ಅದೇ ಮಚ್ಚೆ, ಅಷ್ಟೇ ಅಳತೆಯಲ್ಲಿ, ಅದೇ ಜಾಗದಲ್ಲಿ ಸಿಕ್ಕರೆ ರೇಡಿಯಾಲಜಿಸ್ಟ್‌ಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ!