ಮೋಟಾರ್ ಸೈಕಲ್ಲಿನ ಸ್ವಿಂಗ್ ಆರ್ಮ್ ಬುಷ್: ಸವೆತವನ್ನು ಗುರುತಿಸಿ ಮನೆಯಲ್ಲೇ ಬದಲಾಯಿಸುವ ಕ್ರಮ

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ಸಂತೆಗೆ ಹೊರಡುವ ರೈತನಿಲ್ಲ. ಇಂದು ಡೇರಿಗೆ ಹಾಲು, ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು, ಚಿಕ್ಕಬಳ್ಳಾಪುರಕ್ಕೆ ಹೂವು, ಚಿಂತಾಮಣಿ, ಗೌರಿಬಿದನೂರುಗಳಿಗೆ ತರಕಾರಿ, ಎಲ್ಲವನ್ನೂ ಅನೇಕರು ಮೋಟಾರ್ ಸೈಕಲ್ಲಿನ ಮೇಲೆಯೇ ಸಾಗಿಸುತ್ತಾರೆ. ಆದರೆ ಅದರ ಹಿಂದಿನ ಕೀಲನ್ನು ನೋಡುವವರು ಕಡಿಮೆ.

ಸವೆಯಲು ಕಾರಣ

ಹಿಂದಿನ ಚಕ್ರವನ್ನು ಹಿಡಿದಿರುವ ಕವಲಿಗೆ ಸ್ವಿಂಗ್ ಆರ್ಮ್ ಎನ್ನುತ್ತಾರೆ. ಅದರ ಮುಂದಿನ ತುದಿ ಒಂದು ಉದ್ದನೆಯ ಬೋಲ್ಟಿನ ಮೇಲೆ ಮೇಲೆ ಕೆಳಗೆ ಆಡುತ್ತದೆ. ಆ ಕೀಲಿನಲ್ಲಿ ಕೆಲವು ಗಾಡಿಗಳಿಗೆ ರಬ್ಬರ್ ಬುಷ್, ಕೆಲವಕ್ಕೆ ಉಕ್ಕಿನ ಕೊಳವೆಯ ಮೇಲೆ ತಿರುಗುವ ಪ್ಲಾಸ್ಟಿಕ್ ಅಥವಾ ಕಂಚಿನ ಬುಷ್, ಇನ್ನು ಕೆಲವಕ್ಕೆ ನೀಡಲ್ ಬೇರಿಂಗ್ ಇರುತ್ತದೆ. ಕೆಂಪು ಮಣ್ಣಿನ ಧೂಳು, ಮಳೆನೀರು, ಒಣಗಿದ ಗ್ರೀಸ್, ಅತಿಯಾದ ಹೊರೆ, ಇವು ಬುಷ್‌ನ್ನು ತಿನ್ನುತ್ತವೆ. ಸವೆದ ಮೇಲೆ ತಿರುವಿನಲ್ಲಿ ಹಿಂಭಾಗ ಬಾಲದಂತೆ ಓಲಾಡುತ್ತದೆ. ಹಾಲಿನ ಕ್ಯಾನು ಕಟ್ಟಿರುವಾಗ ಹೀಗಾದರೆ ಹೋಗುವುದು ಹಾಲು ಮಾತ್ರವಲ್ಲ, ಸವಾರನ ಜೀವಕ್ಕೂ ಅಪಾಯ.

ಪರೀಕ್ಷೆ

ಗಾಡಿಯನ್ನು ಮಧ್ಯದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಚಕ್ರ ನೆಲ ಬಿಟ್ಟಿರಲಿ. ಒಬ್ಬರು ಗಾಡಿಯನ್ನು ಭದ್ರವಾಗಿ ಹಿಡಿಯಲಿ; ಇನ್ನೊಬ್ಬರು ಸ್ವಿಂಗ್ ಆರ್ಮಿನ ಹಿಂದಿನ ತುದಿಯನ್ನು ಎಡಕ್ಕೂ ಬಲಕ್ಕೂ ದೂಡಲಿ.

1. ಕೀಲಿನಲ್ಲಿ ‘ಟಕ್’ ಎಂದು ಆಡಿದರೆ ಮೊದಲು ನಟ್ ಸಡಿಲವಿದೆಯೇ ನೋಡಿ. ಬಿಗಿ ಮಾಡಿದರೂ ಆಡಿದರೆ ಬುಷ್ ಸವೆದಿದೆ.
2. ತೋಳು ಅಲುಗದೆ ಚಕ್ರ ಮಾತ್ರ ಆಡಿದರೆ ದೋಷ ಚಕ್ರದ ಬೇರಿಂಗಿನದು.
3. ಚಕ್ರವನ್ನು ಮೆಲ್ಲನೆ ಎತ್ತಿದಾಗ ಶಾಕ್ ಅಬ್ಸಾರ್ಬರ್ ಕೆಲಸ ಮಾಡುವ ಮೊದಲೇ ಸಡಿಲ ಕಂಡರೆ, ಅದರ ಎರಡು ತುದಿಗಳ ರಬ್ಬರ್ ಬುಷ್‌ಗಳನ್ನು ನೋಡಿ.

ಬಿಚ್ಚುವ ಕ್ರಮ

ಹಿಂದಿನ ಸಂಜೆಯೇ ಕೀಲಿನ ನಟ್ಟಿಗೆ ತೆಳುವಾದ ಎಣ್ಣೆ ಬಿಡಿ. ಮರುದಿನ ಸಮನೆಲದಲ್ಲಿ ಗಾಡಿ ನಿಲ್ಲಿಸಿ ಮುಂದಿನ ಬ್ರೇಕನ್ನು ಟ್ಯೂಬಿನ ಪಟ್ಟಿಯಿಂದ ಕಟ್ಟಿ. ಎಂಜಿನ್ನಿನ ಕೆಳಗೆ ಮರದ ದಿಮ್ಮಿ ಕೊಡಿ. ಚೈನ್, ಬ್ರೇಕ್ ರಾಡು, ಚಕ್ರ, ಶಾಕ್ ಅಬ್ಸಾರ್ಬರಿನ ಕೆಳಗಿನ ನಟ್ಟುಗಳನ್ನು ಬಿಚ್ಚಿ. ಸೈಲೆನ್ಸರ್ ಅಡ್ಡ ಬಂದರೆ ಅದನ್ನೂ ತೆಗೆಯಬೇಕು. ಕಳಚಿದ ವಾಷರುಗಳನ್ನು ಗೋಣಿತಾಟಿನ ಮೇಲೆ ಬಂದ ಕ್ರಮದಲ್ಲೇ ಜೋಡಿಸಿ. ಕೀಲಿನ ಬೋಲ್ಟನ್ನು ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿ ಹೊರತೆಗೆಯಿರಿ.

ಹೊಸ ಬುಷ್ ಕೂರಿಸುವುದು

ಸುತ್ತಿಗೆಯಿಂದ ಹೊಡೆಯಬಾರದು, ಬುಷ್ ಸೊಟ್ಟಗೆ ಕೂತು ಗೂಡೇ ಹಾಳಾಗುವುದು. ಉದ್ದದ ಬೋಲ್ಟು, ನಟ್ಟು, ಬುಷ್‌ಗಿಂತ ತುಸು ಚಿಕ್ಕ ವಾಷರು, ಬುಷ್‌ಗಿಂತ ದೊಡ್ಡ ಬಾಯಿಯ ಪೈಪಿನ ತುಂಡು, ಇಷ್ಟಿದ್ದರೆ ಸಾಕು. ಒಂದು ಬದಿ ವಾಷರು, ಇನ್ನೊಂದು ಬದಿ ಪೈಪು ಇಟ್ಟು ನಟ್ ತಿರುಗಿಸುತ್ತ ಹೋದರೆ ಹಳೆಯ ಬುಷ್ ಪೈಪಿನೊಳಗೆ ಬರುತ್ತದೆ. ಗೂಡನ್ನು ಸ್ವಚ್ಛವಾಗಿ ಒರೆಸಿ, ಹೊಸದನ್ನೂ ಹೀಗೆಯೇ ಎಳೆದು ಕೂರಿಸಬೇಕು. ಕೊಳವೆಯ ಮೇಲೆ ಉಗುರು ತಗಲುವಷ್ಟು ಗೆರೆ ಬಿದ್ದಿದ್ದರೆ ಅದನ್ನೂ ಬದಲಾಯಿಸಿ.

ಪ್ಲಾಸ್ಟಿಕ್, ಕಂಚಿನ ಬುಷ್‌ಗೂ ನೀಡಲ್ ಬೇರಿಂಗಿಗೂ ಗ್ರೀಸ್ ಬೇಕು. ರಬ್ಬರಿಗೆ ಗ್ರೀಸ್ ತಾಗಬಾರದು. ತಾಗಿದರೆ ಉಬ್ಬಿ ಕೆಡುತ್ತದೆ. ರಬ್ಬರ್ ಬುಷ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಆದುದರಿಂದ ಚಕ್ರಗಳೆರಡೂ ನೆಲದ ಮೇಲಿದ್ದು ಗಾಡಿಯ ಭಾರ ಬಿದ್ದಾಗಲೇ ಕೀಲಿನ ನಟ್ಟನ್ನು ಕೊನೆಯ ಬಿಗಿ ಮಾಡತಕ್ಕದ್ದು. ಚಕ್ರ ತೂಗಾಡುತ್ತಿರುವಾಗ ಬಿಗಿ ಮಾಡಿದರೆ ಹೊಸ ಬುಷ್ ಬೇಗನೆ ಹರಿಯುವುದು. ಎಷ್ಟು ಬಿಗಿ ಎಂಬುದು ಆಯಾ ಗಾಡಿಯ ಸರ್ವಿಸ್ ಪುಸ್ತಕದಲ್ಲಿರುತ್ತದೆ, ಅಂದಾಜು ಬೇಡ.

ಜೋಡಿಸಿದ ಮೇಲೆ ಚೈನ್ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಸಾಗುವ ದಿಕ್ಕಿಗಿರಲಿ. ಬ್ರೇಕನ್ನೂ ಚೈನಿನ ಸಡಿಲವನ್ನೂ ಸರಿಪಡಿಸಿ, ಹೊರೆಯಿಲ್ಲದೆ ಒಂದು ಸುತ್ತು ಓಡಿಸಿ ನೋಡಿ, ನಟ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಿರಿ.

ಮನೆಯಲ್ಲಿ ಮಾಡಬಾರದ ಕೆಲಸ

ಬುಷ್ ತುಕ್ಕು ಹಿಡಿದು ಬಾರದಿದ್ದರೆ ಬಿಚ್ಚಿದ ತೋಳನ್ನು ಮಾತ್ರ ಪಟ್ಟಣದ ಲೇತ್ ಅಂಗಡಿಗೆ ಒಯ್ಯಿರಿ; ಪ್ರೆಸ್ಸಿನಲ್ಲಿ ತೆಗೆದುಕೊಡುವರು. ತೋಳು ಬಿರುಕು ಬಿಟ್ಟಿದ್ದರೆ ಬೆಸುಗೆ ಹಾಕಿಸದೆ ಹೊಸದನ್ನೇ ಹಾಕಿಸಬೇಕು. ಮಳೆಗಾಲ ಮುಗಿದ ಕೂಡಲೇ ನೆರೆಯವರಿಬ್ಬರು ಸೇರಿ ತಮ್ಮ ಗಾಡಿಗಳನ್ನು ಒಮ್ಮೆ ಅಲುಗಾಡಿಸಿ ನೋಡಲಿ. ಐದು ನಿಮಿಷದ ಈ ಪರೀಕ್ಷೆಗೆ ಖರ್ಚೇನೂ ಇಲ್ಲ.